61 ಮನೆಗಳ ಯಜಮಾನ

ಬೆಂಗಳೂರಿನ ಜರಗನಹಳ್ಳಿಯಲ್ಲಿ ಒಂದು ಮನೆ ಕಟ್ಟುವುದೇ ಪೂರ್ವಜನ್ಮದ ಪುಣ್ಯವೆಂದು ನಂಬಿದ ಬಾಡಿಗೆದಾರನಾದ ನಾನು, 61 ಮನೆಗಳ ಅರೇಂಜರ್ ಕೀಬೋರ್ಡೊಂದನ್ನು ಕೊಂಡು ತಂದು, ಕಂಪ್ಯೂಟರಿನೊಳಗಿನ ಪಿಟೀಲಿಗೆ ಅದನ್ನು ಗಂಟುಹಾಕಿದ ದಿನವೇ ನನ್ನ ಸಂಗೀತಕ್ಕೆ ಶನಿ ಹಿಡಿಯಿತೆಂದು ಕಾಣುತ್ತದೆ. ಅರೇಂಜರಿನ ಧರ್ಮವೇ ಬೇರೆ: ಎಡಗೈ ಮೂರು ಮನೆಗಳನ್ನು ಒಟ್ಟಿಗೆ ಒತ್ತಿ ಒಂದು ಕಾರ್ಡು ಹಿಡಿದರೆ ಸಾಕು, ಡ್ರಮ್ಮು, ಬೇಸು, ಗಿಟಾರುಗಳೆಲ್ಲ ಮದುವೆಯ ದಿಬ್ಬಣದಂತೆ ತಾವಾಗಿಯೇ ಹಿಂದೆ ಹೊರಡುವುವು. ಸಾಫ್ಟ್‌ವೇರ್ ಪಿಟೀಲಿನ ಧರ್ಮವಾದರೋ ಇನ್ನೊಂದು: ಅದರ ಕೆಳಸ್ಥಾಯಿಯ ಕೆಲವು ಮನೆಗಳು ಸ್ವರವನ್ನೇ ನುಡಿಯದೆ, ಕಮಾನನ್ನು ಎಳೆಯಬೇಕೋ, ನಡುಗಿಸಬೇಕೋ, ತಂತಿಯನ್ನು ಬೆರಳಿನಿಂದ ಮೀಟಬೇಕೋ ಎಂದು ಅಪ್ಪಣೆಮಾಡುವ ಕೀಸ್ವಿಚ್ಚುಗಳು, ಮಾತನಾಡದೆ ಮನೆಯಾಳುವ ಅತ್ತೆಯಂಥವು. ಈ ಉಭಯ ಧರ್ಮಗಳೂ ನನ್ನ ಎಡಗೈಯ ಅಡಿಯಲ್ಲಿ ಸಂಧಿಸಿದುವು.

ಒಂದು ಸಂಜೆ ಮಾಯಾಮಾಳವಗೌಳದಲ್ಲಿ ಕರುಣರಸವನ್ನು ಹರಿಸುತ್ತ ಕಣ್ಮುಚ್ಚಿದ್ದೆ. ಎಡಗೈ ಕಾರ್ಡು ಬದಲಿಸಿದ್ದೇ ತಡ, ಪಿಟೀಲು ಅಳುವುದನ್ನು ನಿಲ್ಲಿಸಿ, ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಟಿಣ್ ಟಿಣ್ ಎಂದಿತು. ಮರುಕಾರ್ಡಿಗೆ ಕಮಾನಿಗೆ ಚಳಿಜ್ವರ. ಹಜಾರದಿಂದ ನನ್ನಾಕೆ, “ಏನ್ರೀ, ಒಗ್ಗರಣೆ ಇಟ್ಟು ಮರೆತಿರಾ?” ಎಂದಳು. ಗಮಕದಿಂದಾದರೂ ಮಾನ ಉಳಿಸಿಕೊಳ್ಳೋಣವೆಂದರೆ, ಸ್ವರವನ್ನು ಬಾಗಿಸುವ ಪಿಚ್ ಚಕ್ರವಿರುವುದೂ ಎಡತುದಿಯಲ್ಲೇ. ಎಡಗೈಯೋ ದಿಬ್ಬಣದ ಮುಂದಾಳು!

ಕೀಬೋರ್ಡನ್ನೂ ಕಂಪ್ಯೂಟರನ್ನೂ ಗಂಟುಹಾಕುವ, 1983ರಲ್ಲಿ ಬಂದ ಮಿಡಿ ಪದ್ಧತಿಯು 16 ಚಾನೆಲ್ಲುಗಳನ್ನು ಕರುಣಿಸಿದೆಯೆಂದೂ, ಎರಡು ಕೈಗಳಿಗೂ ಬೇರೆಬೇರೆ ಚಾನೆಲ್ ಕೊಟ್ಟು ಬಲಗೈಯದೊಂದನ್ನೇ ಪಿಟೀಲಿಗೆ ಬಿಟ್ಟರೆ ಕಲಹ ತೀರುವುದೆಂದೂ ಮೂರು ವಾರಗಳ ತರುವಾಯ ಅರಿತೆ. ಅರಿವು ಮೂಡಿದ ಆ ಗಳಿಗೆಯಲ್ಲಿ ಕನಕಪುರ ರಸ್ತೆಯ ಮೆಟ್ರೋ, ಯಾವ ಕೀಸ್ವಿಚ್ಚಿನ ಹಂಗೂ ಇಲ್ಲದೆ, ನನಗಿನ್ನೂ ಒಲಿಯದ ಜಾರುವನ್ನು ಲೀಲಾಜಾಲವಾಗಿ ನುಡಿಸುತ್ತ ಹೊರಟುಹೋಯಿತು.