ಎಂಟು ಜಿಬಿಯ ಅವಧಾನ

ಹೈದರಾಬಾದಿನ ಕನ್ನಡಿಗರ ಮನೆಗಳಲ್ಲಿ ಒಂದು ವಿಚಿತ್ರ ಉಂಟು. ಮಗ ಹೈಟೆಕ್ ಸಿಟಿಯಲ್ಲಿ ಕೂತು ಅಮೆರಿಕದ ಯಾವುದೋ ಬ್ಯಾಂಕಿನ ಕಂಪ್ಯೂಟರುಗಳನ್ನೆಲ್ಲ ಸಂಭಾಳಿಸುತ್ತಾನೆ. ಸೊಸೆ ಗಚ್ಚಿಬೌಲಿಯಲ್ಲಿ ಕ್ಲೌಡು ಕಾಯುತ್ತಾಳೆ. ಕಾಚಿಗುಡಾದಲ್ಲಿ ನಮ್ಮ ಕಾಕಾನ ಕಂಪ್ಯೂಟರು ಮಾತ್ರ ಗುಂಡಿ ಒತ್ತಿ, ಚಹಾ ಕಾಸಿ, ಕುಡಿದು, ಕಪ್ಪು ತೊಳೆದಿಟ್ಟರೂ ಏಳುವುದಿಲ್ಲ. ಮಗನನ್ನು ಕೇಳಿದರೆ, "ಅದನ್ನ ಒಗದು ಹೊಸಾದು ತಗೋರಿ ಅಪ್ಪಾ" ಅನ್ನುತ್ತಾನೆ. ಸಾಫ್ಟ್‌ವೇರಿನವರಿಗೆ ಪೆಟ್ಟಿಗೆಯ ಮುಚ್ಚಳ ಬಿಚ್ಚುವುದೆಂದರೆ ಮೈಲಿಗೆ.

ಕಾಕಾನ ವೈದ್ಯವೇ ಬೇರೆ. "ಮೆಮೊರಿ ತುಂಬ್ಯದ" ಎಂದು ಮೊಮ್ಮಗನ ಜಾವಳದ ಫೋಟೋಗಳನ್ನು ಅಳಿಸುತ್ತಾರೆ. ಫೋಟೋ ಹೋಗುತ್ತದೆ, ಕಾಕುವಿನ ಜತೆ ಜಗಳ ಬರುತ್ತದೆ, ವೇಗ ಮಾತ್ರ ಬರುವುದಿಲ್ಲ. ಏಕೆಂದರೆ ಫೋಟೋ ಇದ್ದದ್ದು ಡಿಸ್ಕಿನಲ್ಲಿ. ಏದುಸಿರು ಬಿಡುತ್ತಿರುವುದು ರ‍್ಯಾಮು.

ಶತಾವಧಾನಿ ಗಣೇಶರ ಅವಧಾನ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಸುತ್ತ ಪ್ರಶ್ನೆ ಒಡ್ಡುವ ಎಂಟು ಜನ ಪೃಚ್ಛಕರು. ಒಬ್ಬರು ಅಕ್ಷರ ನಿಷೇಧಿಸುತ್ತಾರೆ, ಒಬ್ಬರು ಸಮಸ್ಯೆ ಒಡ್ಡುತ್ತಾರೆ, ಇನ್ನೊಬ್ಬರು ನಡುನಡುವೆ ಸಂಖ್ಯಾಬಂಧದ ಮನೆ ತುಂಬಿಸಲು ಕೇಳುತ್ತಾರೆ. ಕಾಗದ ಮುಟ್ಟುವಂತಿಲ್ಲ, ಎಲ್ಲವೂ ತಲೆಯಲ್ಲೇ ನಿಲ್ಲಬೇಕು. ಆ ತಲೆಯೇ ರ‍್ಯಾಮು. ಅವಧಾನಿಯ ಮನೆಯ ಪುಸ್ತಕದ ಕಪಾಟು ಡಿಸ್ಕು. ಕಪಾಟು ಖಾಲಿ ಮಾಡಿದರೆ ತಲೆ ದೊಡ್ಡದಾದೀತೇ? "ನಿಮ್ಮ ಆಂಟಿವೈರಸ್ ಅವಧಿ ಮುಗಿಯಿತು" ಎಂದು ಬ್ಯಾಂಕಿನ ಪಾಸ್‌ವರ್ಡು ಬರೆಯುವ ಹೊತ್ತಿಗೇ ಬಂದು ಕಾಡುವವನು, ಆ ಎಂಟರಲ್ಲೊಬ್ಬನಾದ ಅಪ್ರಸ್ತುತಪ್ರಸಂಗಿ.

ಒಂದೇ ವ್ಯತ್ಯಾಸ. ಅವಧಾನಿ ಕೊನೆಗೆ ಧಾರಣದಲ್ಲಿ ಎಲ್ಲ ಪದ್ಯಗಳನ್ನೂ ಒಪ್ಪಿಸುತ್ತಾರೆ. ನಮ್ಮ ರ‍್ಯಾಮು ಕರೆಂಟು ಹೋಯಿತೆಂದರೆ ಎಲ್ಲವನ್ನೂ ಮರೆಯುತ್ತದೆ. ಕರೆಂಟಿದ್ದಾಗಲೂ ಅದರ ಮೇಲೆ ಭರವಸೆಯಿಲ್ಲ. ಐಬಿಎಮ್ಮಿನ ರಾಬರ್ಟ್ ಡೆನ್ನಾರ್ಡ್‌ಗೆ 1968ರಲ್ಲಿ ಪೇಟೆಂಟು ದೊರೆತ ಏರ್ಪಾಡಿದು: ಒಂದೊಂದು ಬಿಟ್ಟಿಗೆ ಒಂದು ಟ್ರಾನ್ಸಿಸ್ಟರು, ಒಂದು ಪುಟ್ಟ ಕೆಪಾಸಿಟರು. ಕೆಪಾಸಿಟರಿನ ಚಾರ್ಜು ಸೋರುತ್ತಲೇ ಇರುತ್ತದೆ. ಹಾಗಾಗಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಎಲ್ಲವನ್ನೂ ಮತ್ತೊಮ್ಮೆ ತುಂಬಬೇಕು. ಸಂತೆಗೆ ಹೊರಟ ಗಂಡನಿಗೆ ಮೂರು ಸಲ ಹೇಳಿ ದಣಿದ ಹೆಂಗಸರು ಸಮಾಧಾನ ಪಟ್ಟುಕೊಳ್ಳಬಹುದು.

ಈಗ ತಪಾಸಣೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ವಿಂಡೋಸಿನ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್ ಒಳಗಿನ ಮೆಮೊರಿಯಲ್ಲಿ ಜಾತಕವೆಲ್ಲ ಇದೆ: ಒಟ್ಟು ಎಷ್ಟು ಜಿಬಿ, ಎಷ್ಟು ಖರ್ಚು, ಸ್ಪೀಡು ಎಷ್ಟು, ಎಷ್ಟು ಸ್ಲಾಟು ತುಂಬಿವೆ. ಬಳಕೆ ಸದಾ ಶೇಕಡಾ ತೊಂಬತ್ತರ ಹತ್ತಿರವಿದ್ದರೆ ರ‍್ಯಾಮು ಸಾಲದು. ಅರ್ಧ ಖಾಲಿಯಿದ್ದೂ ಡಿಸ್ಕು ನೂರಕ್ಕೆ ನೂರು ಒದ್ದಾಡುತ್ತಿದ್ದರೆ ರ‍್ಯಾಮು ನಿರಪರಾಧಿ. ಹಳೆಯ ಹಾರ್ಡ್ ಡಿಸ್ಕು ತೆಗೆದು ಎಸ್‌ಎಸ್‌ಡಿ ಹಾಕಿಸಿ. ಇನ್ನು, ಮನೆಯಲ್ಲಿರುವುದು 32 ಬಿಟ್ಟಿನ ವಿಂಡೋಸ್ ಆದರೆ 4 ಜಿಬಿಯ ಆಚೆಗೆ ಏನು ತುಂಬಿಸಿದರೂ ಅದರ ಕಣ್ಣಿಗೆ ಬೀಳದು.

ಕೊಳ್ಳಲೇಬೇಕೆಂದರೆ ಸಿಕಂದರಾಬಾದಿನ ಪಾರ್ಕ್‌ಲೇನ್, ಚೆನಾಯ್ ಟ್ರೇಡ್ ಸೆಂಟರ್. ಊರೆಲ್ಲ ಸಿಟಿಸಿ ಅನ್ನುತ್ತದೆ.

"ಕ್ಯಾ ಹೋನಾ ಸಾಬ್?"

"ರ‍್ಯಾಮ್ ಹೋನಾ."

"ಡಿಡಿಆರ್ ಕೌನ್ಸಾ?"

ಇಲ್ಲಿಗೆ ಕಾಚಿಗುಡಾ ಮೌನ. ಅದಕ್ಕೇ ಹಳೆಯ ರ‍್ಯಾಮಿನ ಪಟ್ಟಿಯನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡೇ ಹೋಗಬೇಕು. ಡಿಡಿಆರ್ ಮುಂದಿನ ಅಂಕೆ ರ‍್ಯಾಮಿನ ತಲೆಮಾರು: ಡೆಸ್ಕ್‌ಟಾಪಿನ ಡಿಡಿಆರ್3ಕ್ಕೆ 240 ಪಿನ್ನು, ಡಿಡಿಆರ್4ಕ್ಕೆ 288. ಡಿಡಿಆರ್5ಕ್ಕೂ 288 ಇದ್ದರೂ ನಡುವಿನ ಕಚ್ಚು ಬೇರೆ ಕಡೆ. ಬಸ್ಸಿನ ಸೀಟಿನಂತೆ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರಿ" ಇಲ್ಲಿ ನಡೆಯದು. ಲ್ಯಾಪ್‌ಟಾಪಿನದು ಗಿಡ್ಡ ಪಟ್ಟಿ. ತೆಳ್ಳಗಿನ ಕೆಲವು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುವುದರಿಂದ "ನೈ ಹೋತಾ ಸಾಬ್" ಎಂಬಲ್ಲಿಗೆ ವ್ಯವಹಾರ ಮುಗಿಯಿತು.

ಬೆಲೆ ಕೇಳುವ ಮುಂಚೆ ಸ್ಟೂಲಿನ ಮೇಲೆ ಕೂತುಬಿಡಿ. 2025ರ ಕೊನೆಯಲ್ಲಿ ರ‍್ಯಾಮಿನ ಬೆಲೆ ಗಗನಕ್ಕೇರಿತು. ಎಐ ಡೇಟಾ ಸೆಂಟರುಗಳ ಹಸಿವು ಅಂಥದು. 2019ರಲ್ಲಿ ನಮ್ಮ ಹೈದರಾಬಾದಿನಲ್ಲೇ ದೊಡ್ಡ ಕೇಂದ್ರ ತೆರೆದ ಮೈಕ್ರಾನ್ ಕಂಪನಿ, ಜನಸಾಮಾನ್ಯರು ಕೊಳ್ಳುತ್ತಿದ್ದ ತನ್ನ ಕ್ರೂಷಿಯಲ್ ರ‍್ಯಾಮಿನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಆ ಡಿಸೆಂಬರಿನಲ್ಲಿ ಸಾರಿತು. ಹುಟ್ಟುಹಬ್ಬಕ್ಕೆ ನಾಲ್ಕು ಸಾಲಿನ ಶುಭಾಶಯವನ್ನೂ ಎಐಯಿಂದ ಬರೆಸುವ ನಮಗೆ ಇದು ಆಗಬೇಕಾದ್ದೇ.

ಹಾಕುವ ಕೆಲಸ ಸುಲಭ. ಪ್ಲಗ್ಗು ಕೀಳಿ, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಮೈಯ ಸ್ಥಿರವಿದ್ಯುತ್ತು ಇಳಿಸಿ, ಕಚ್ಚು ಹೊಂದಿಸಿ, ಕ್ಲಿಪ್ಪು ಟಕ್ ಅನ್ನುವವರೆಗೆ ಒತ್ತಿ. ಎರಡು ಪಟ್ಟಿಗಳ ವೇಗ ಬೇರೆಬೇರೆಯಾದರೆ ಇಬ್ಬರೂ ನಿಧಾನದವನ ಹೆಜ್ಜೆಗೇ ನಡೆಯುತ್ತಾರೆ. ಸಂಸಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ವಿಂಡೋಸಿನ ಮೆಮೊರಿ ಡಯಾಗ್ನಾಸ್ಟಿಕ್ಕನ್ನು ಒಮ್ಮೆ ಓಡಿಸಿದರೆ ಹೊಸ ಪಟ್ಟಿಯ ಯೋಗ್ಯತೆಯೂ ತಿಳಿಯುತ್ತದೆ.

ಕಾಕಾನ ಪೆಟ್ಟಿಗೆಗೆ ಈಗ ಎಂಟಕ್ಕೆ ಎಂಟು ಸೇರಿ ಹದಿನಾರಾಗಿದೆ. ಕ್ರೋಮಿನ ನೆತ್ತಿಯ ಮೇಲೆ ಟ್ಯಾಬುಗಳೂ ಇಮ್ಮಡಿಯಾಗಿವೆ: ತಿರುಪತಿಯ ದರ್ಶನ, ಕಲಬುರಗಿಯ ತೊಗರಿ ದರ, ಮಂಡಿನೋವಿನ ಎಣ್ಣೆ, ಹೋದ ವರ್ಷದ ರೈಲು.

"ಬ್ಯಾಡಾದವು ಮುಚ್ಚರಿ ಕಾಕಾ, ಅವೇ ರ‍್ಯಾಮ್ ತಿನ್ನೋದು" ಅಂದೆ.

"ಮುಚ್ಚಿದ್ರ ಏನೇನು ನೋಡೋದಿತ್ತು ಅಂತ ನನಗ ನೆನಪಿರಬೇಕಲ್ಲೋ!"

ಒಳಗಿನಿಂದ ಕಾಕುವಿನ ದನಿ ಬಂತು: "ಇವರಿಗೂ ಒಂದು ಪಟ್ಟಿ ತಂದು ಹಾಕಪಾ. ಸ್ಲಾಟ್ ಅಂತೂ ಖಾಲೀನ ಅದ."