ಸಮುದ್ರಕ್ಕೂ ಚೀಟಿಯಾ, ಮಾರಾಯ್ರೇ?

"ಕಡಲಿಗೆ ಗಾಳ ಹಾಕಲಿಕ್ಕೂ ಸರ್ಕಾರದ ಚೀಟಿ ಬೇಕಾ ಮಾರಾಯ್ರೇ? ಮರವಂತೆಯಲ್ಲಿ ಇಷ್ಟು ವರ್ಷ ಗಾಳ ಹಾಕಿದ್ದೇನೆ, ಒಬ್ಬರೂ ಕೇಳಿದ್ದಿಲ್ಲ."

ಬೇಲಿಯ ಆಚೆಯಿಂದ ಮೇಷ್ಟ್ರು ಕೇಳಿದ ಮಾತು ಇದು. ಕುಂದಾಪುರದ ಕಡೆಯವರು, ನಿವೃತ್ತರು, ಬೇಸಿಗೆ ಕಳೆಯಲು ಮಗಳ ಮನೆಗೆ ನ್ಯೂಜೆರ್ಸಿಗೆ ಬಂದಿದ್ದಾರೆ. ಶನಿವಾರ ಅಳಿಯನ ಜೊತೆ ಸ್ಯಾಂಡಿ ಹುಕ್‌ಗೆ ಮೀನು ಹಿಡಿಯಲು ಹೋಗುವ ಯೋಚನೆ. ಅಳಿಯ "ಮಾವ, ಮೊದಲು ಹೆಸರು ನೋಂದಾಯಿಸಬೇಕು" ಅಂದಿದ್ದೇ ಅವರಿಗೆ ಒಗ್ಗಿಲ್ಲ.

ಅವರ ಮಾತು ಸುಳ್ಳಲ್ಲ. ನಮ್ಮ ಕರ್ನಾಟಕದಲ್ಲಿ 1986ರ ಕಡಲ ಮೀನುಗಾರಿಕೆ ಕಾಯ್ದೆ ನೋಡುವುದು ದೋಣಿಗಳನ್ನು, ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗಿಳಿಯದಂತೆ ತಡೆಯುವುದೂ ಯಾಂತ್ರೀಕೃತ ದೋಣಿಗಳನ್ನು. ಬಂಡೆಯ ಮೇಲೆ ಕೂತು ಸಂಜೆಯ ಸಾರಿಗೆ ಎರಡು ಮೀನು ಎತ್ತುವವನ ಹತ್ತಿರ ಯಾರು ಯಾಕೆ ಬರುತ್ತಾರೆ? ಅಲ್ಲಿ ಮೀನು ಹಿಡಿಯುವುದೆಂದರೆ ಬದುಕು. ಇಲ್ಲಿ ಅದು ಲಕ್ಷಗಟ್ಟಲೆ ಜನರ ವಾರಾಂತ್ಯದ ಹವ್ಯಾಸ. ಇಷ್ಟು ಜನ ಹವ್ಯಾಸಕ್ಕೆ ಹಿಡಿದ ಮೀನು ಕೆಲವು ಜಾತಿಗಳಲ್ಲಿ ಬಲೆಯವರು ಹಿಡಿದದ್ದನ್ನೂ ಮೀರಿಸುತ್ತದೆ. ಅಮೆರಿಕದ ಪೂರ್ವ ಕರಾವಳಿಯ ಸ್ಟ್ರೈಪ್ಡ್ ಬಾಸ್ ಅದಕ್ಕೆ ದೊಡ್ಡ ಉದಾಹರಣೆ. ಇಷ್ಟು ತಿಳಿದುಕೊಂಡರೆ ಚೀಟಿ ಎಲ್ಲಿಂದ ಬಂತು ಅನ್ನುವುದು ಹೊಳೆಯುತ್ತದೆ.

"ಹೆದರಬೇಡಿ ಮೇಷ್ಟ್ರೇ, ನ್ಯೂಜೆರ್ಸಿಯಲ್ಲಿ ಉಪ್ಪುನೀರಿಗೆ ದುಡ್ಡಿಲ್ಲ" ಅಂದೆ. ಹದಿನಾರು ತುಂಬಿದವರು ವರ್ಷಕ್ಕೊಮ್ಮೆ ಹೆಸರು, ವಿಳಾಸ, ಫೋನ್ ನಂಬರ್ ಬರೆಸಿದರೆ ಆಯಿತು. ಟಿಕೆಟ್ ಕೊಂಡು, ಮೀನು ಹಿಡಿಯಲು ಜನರನ್ನು ಕರೆದೊಯ್ಯುವ ಪಾರ್ಟಿ ಬೋಟ್ ಹತ್ತುವವರಿಗೆ ಅದೂ ಬೇಡ, ದೋಣಿಯವರೇ ಲೆಕ್ಕ ಕೊಡುತ್ತಾರೆ. ಹೊಳೆ, ಕೆರೆಗಾದರೆ ದುಡ್ಡು ಕೊಟ್ಟು ಲೈಸೆನ್ಸ್ ತೆಗೆದುಕೊಳ್ಳಲೇಬೇಕು.

"ದುಡ್ಡೂ ಬೇಡದಿದ್ದರೆ ಹೆಸರು ಯಾಕೆ ಬೇಕು?"

ಮೇಷ್ಟ್ರು ಕೇಳಿದ ಈ ಪ್ರಶ್ನೆಯನ್ನು ಇಲ್ಲಿಯ ಗಾಳಗಾರರೂ ಕೇಳಿದ್ದಾರೆ, ಇದಕ್ಕಿಂತ ಗಟ್ಟಿ ದನಿಯಲ್ಲಿ. ಉತ್ತರ ಕೊಡಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬಲೆಯವರು ಹಿಡಿದ ಮೀನು ಬಂದರಿನಲ್ಲಿ ತೂಕವಾಗುತ್ತದೆ, ಹಾಗಾಗಿ ಅದಕ್ಕೆ ಲೆಕ್ಕವಿದೆ. ಗಾಳದವರು ಹಿಡಿದದ್ದು ನೇರ ಅಡುಗೆಮನೆಗೆ ಹೋಗುತ್ತದೆ. ಅದನ್ನು ಅಳೆಯಲು ಫೆಡರಲ್ ಮೀನುಗಾರಿಕೆ ಇಲಾಖೆ ದಶಕಗಳ ಕಾಲ ಮಾಡುತ್ತಿದ್ದದ್ದು ಇಷ್ಟೇ: ಕರಾವಳಿಯ ಕೌಂಟಿಗಳ ಮನೆಗಳಿಗೆ ಸಿಕ್ಕ ನಂಬರಿಗೆ ಫೋನ್ ಹಚ್ಚಿ "ನಿಮ್ಮ ಮನೆಯಲ್ಲಿ ಯಾರಾದರೂ ಮೀನು ಹಿಡಿಯಲು ಹೋಗಿದ್ದರಾ?" ಎಂದು ಕೇಳುವುದು. ಹೆಚ್ಚಿನವರ ಉತ್ತರ ಇಲ್ಲ. ಕೆಲವರು ಫೋನನ್ನೇ ಎತ್ತುವುದಿಲ್ಲ. ಮೊಬೈಲ್ ಬಂದ ಮೇಲೆ ಮನೆಯ ಫೋನೇ ಮಾಯವಾಯಿತು. ಒಳನಾಡಿನಿಂದ ಕಾರು ಓಡಿಸಿಕೊಂಡು ಕಡಲಿಗೆ ಬರುವವನಿಗೆ ಆ ಫೋನ್ ಬರುವುದೇ ಇಲ್ಲ. 2006ರಲ್ಲಿ ನ್ಯಾಷನಲ್ ರಿಸರ್ಚ್ ಕೌನ್ಸಿಲಿನ ತಜ್ಞರು ಈ ಪದ್ಧತಿಯನ್ನು ತಿರುವಿಹಾಕಿ ನೋಡಿ, ಇದು ನಡೆಯುವುದಿಲ್ಲ, ಮೀನು ಹಿಡಿಯುವವರ ಹೆಸರಿನ ಪಟ್ಟಿಯೇ ಬೇಕು ಎಂದರು. ಅದೇ ವರ್ಷ ಅಮೆರಿಕದ ಕಾಂಗ್ರೆಸ್ಸು ಕಡಲ ಮೀನುಗಾರಿಕೆಯ ಮ್ಯಾಗ್ನಸನ್-ಸ್ಟೀವನ್ಸ್ ಕಾಯ್ದೆಯನ್ನು ತಿದ್ದುವಾಗ ರಾಷ್ಟ್ರೀಯ ನೋಂದಣಿಯನ್ನು ಸೇರಿಸಿತು. 2010ರಿಂದ ಅದು ಜಾರಿಗೆ ಬಂತು. ಮೊದಲ ವರ್ಷ ಪುಕ್ಕಟೆ, 2011ರಲ್ಲಿ 15 ಡಾಲರ್. ಯಾವ ರಾಜ್ಯ ತಾನೇ ಪಟ್ಟಿ ಮಾಡಿ ಕೊಡುತ್ತದೋ ಅಲ್ಲಿಯವರಿಗೆ ಇದರಿಂದ ವಿನಾಯಿತಿ. ಇಷ್ಟು ಹೇಳಿದ್ದೇ ತಡ, ಅಟ್ಲಾಂಟಿಕ್ ದಂಡೆಯಲ್ಲಿ ಅದುವರೆಗೆ ಉಪ್ಪುನೀರಿನ ಲೈಸೆನ್ಸ್ ಇಲ್ಲದಿದ್ದ ರಾಜ್ಯಗಳು ತಮ್ಮ ತಮ್ಮ ಕಾನೂನು ಬರೆಯಲು ಕೂತವು.

ಲೆಕ್ಕ ತಪ್ಪಿದರೆ ಯಾರಿಗೆ ನೋವಾಗುತ್ತದೆ ಅನ್ನುವುದಕ್ಕೆ ಒಂದು ಸಂಗತಿ ಸಾಕು. 2017ರಲ್ಲಿ ಮೆಕ್ಸಿಕೋ ಕೊಲ್ಲಿಯ ಫೆಡರಲ್ ನೀರಿನಲ್ಲಿ ಸ್ವಂತ ದೋಣಿಯವರಿಗೆ ರೆಡ್ ಸ್ನ್ಯಾಪರ್ ಹಿಡಿಯಲು ಮೊದಲು ಕೊಟ್ಟ ಅವಧಿ ಮೂರೇ ಮೂರು ದಿನ. ವರ್ಷಕ್ಕೆ ಮೂರು ದಿನ! ಸಾಲ ಮಾಡಿ ದೋಣಿ ಕೊಂಡವನು ಆ ಮೂರು ದಿನ ಗಾಳಿ ಎದ್ದರೆ ಏನು ಮಾಡಬೇಕು? ಗದ್ದಲವೆದ್ದ ಮೇಲೆ ದಿನಗಳನ್ನು ಹೆಚ್ಚಿಸಿದರು. ಆದರೆ "ನಮ್ಮನ್ನು ಎಣಿಸಲು ಬಾರದವರು ನಮ್ಮ ದಿನಗಳನ್ನು ಕತ್ತರಿಸುತ್ತಾರೆ" ಅನ್ನುವ ಸಿಟ್ಟು ಜನರ ಮನಸ್ಸಿನಲ್ಲಿ ಉಳಿದೇಬಿಟ್ಟಿತು.

ಇಂಥ ಸಿಟ್ಟು ಅದಕ್ಕೂ ಮೊದಲೇ ನ್ಯೂಯಾರ್ಕಿನಲ್ಲಿ ಪಡೆದಿದ್ದ ರೂಪ ಕೇಳಿ. ಅಲ್ಲಿಯ ರಾಜ್ಯ ಸರ್ಕಾರ 2009ರ ಅಕ್ಟೋಬರ್‌ನಿಂದ ಉಪ್ಪುನೀರಿಗೆ ಲೈಸೆನ್ಸ್ ತಂದಿತು. ಸ್ಥಳೀಯರಿಗೆ ವರ್ಷಕ್ಕೆ 10 ಡಾಲರ್, ಜೀವಮಾನಕ್ಕೆ 150. ಅದೇನೂ ದೊಡ್ಡ ಮೊತ್ತವಲ್ಲ, ಒಂದು ದಿನದ ಎರೆಗೇ ಅದಕ್ಕಿಂತ ಹೆಚ್ಚು ಖರ್ಚಾದೀತು. ಆದರೆ ಬಂದದ್ದು ಎಂಥ ಕಾಲದಲ್ಲಿ? ಬ್ಯಾಂಕುಗಳು ಕುಸಿದು ಸರ್ಕಾರದ ಬೊಕ್ಕಸ ಖಾಲಿಯಾಗಿದ್ದ ವರ್ಷ, ಅದೂ ಬಜೆಟ್ಟಿನ ಜೊತೆ ಸೇರಿಸಿ. ಲಾಂಗ್ ಐಲ್ಯಾಂಡಿನ ಜನ "ಇದು ಮೀನಿನ ಲೆಕ್ಕಕ್ಕಲ್ಲ, ಬಜೆಟ್ಟಿನ ತೂತು ಮುಚ್ಚಲಿಕ್ಕೆ" ಎಂದು ತೀರ್ಮಾನಿಸಿದರು. ಸೌತಾಂಪ್ಟನ್, ಈಸ್ಟ್ ಹ್ಯಾಂಪ್ಟನ್, ಶೆಲ್ಟರ್ ಐಲ್ಯಾಂಡ್ ಮೊದಲಾದ ಊರುಗಳು ನೇರವಾಗಿ ಕೋರ್ಟಿಗೆ ಹೋದವು.

ಅವರು ಕೋರ್ಟಿನಲ್ಲಿ ಹಿಡಿದ ಕಾಗದ ನನಗೆ ಇಡೀ ಕಥೆಯಲ್ಲಿ ಅತ್ಯಂತ ಇಷ್ಟವಾದ ಭಾಗ. 1686ರಲ್ಲಿ, ಅಮೆರಿಕ ಇನ್ನೂ ಇಂಗ್ಲೆಂಡಿನ ವಸಾಹತಾಗಿದ್ದಾಗ, ಗವರ್ನರ್ ಥಾಮಸ್ ಡಾಂಗನ್ ಸೌತಾಂಪ್ಟನ್, ಈಸ್ಟ್ ಹ್ಯಾಂಪ್ಟನ್‌ನಂಥ ಊರುಗಳಿಗೆ ಕೊಟ್ಟ ಸನದು ಅದು. ನೀರು, ನೀರಿನ ತಳ, ಅಲ್ಲಿಯ ಮೀನು ಊರಿನ ಜನರಿಗೆ ಸೇರಿದ್ದು ಎಂಬ ಹಕ್ಕು ಅದರಲ್ಲಿತ್ತು. ಆ ಹಕ್ಕನ್ನು ಕಾಯುವುದಕ್ಕೆಂದೇ ಊರಿನವರು ಆರಿಸಿದ ಟ್ರಸ್ಟಿಗಳು ಇಂದಿಗೂ ಇದ್ದಾರೆ. ಮುನ್ನೂರು ವರ್ಷದ ಹಿಂದಿನ ಸನದು ಹಿಡಿದು ಅವರು ರಾಜ್ಯಕ್ಕೆ ಕೇಳಿದ್ದು ಇಷ್ಟು: ನಮ್ಮ ಕೊಲ್ಲಿಯಲ್ಲಿ ಗಾಳ ಹಾಕಲು ನಿಮ್ಮ ಅಪ್ಪಣೆ ಯಾಕೆ? ನ್ಯಾಯಾಧೀಶರು ಊರುಗಳ ಪರವಾಗಿ ತೀರ್ಪು ಕೊಟ್ಟರು. 2011ರಲ್ಲಿ ರಾಜ್ಯ ಶುಲ್ಕವನ್ನೇ ಕೈಬಿಟ್ಟು, ಪುಕ್ಕಟೆ ನೋಂದಣಿಗೆ ಇಳಿಯಿತು. ನ್ಯೂಜೆರ್ಸಿ ಅದೇ ವರ್ಷ ಮೊದಲಿನಿಂದಲೇ ಪುಕ್ಕಟೆಯ ದಾರಿ ಹಿಡಿದಿತ್ತು. ಇಲ್ಲಿಯ ಗಾಳಗಾರರ ಸಂಘಗಳು ಅದಕ್ಕಾಗಿ ಪಟ್ಟು ಹಿಡಿದಿದ್ದವು.

"ಸರಿ ಮಾಡಿದರು" ಅಂದರು ಮೇಷ್ಟ್ರು. "ಕಡಲಿಗೆ ಯಜಮಾನರು ಯಾರು?"

ಅಲ್ಲಿ ನಾನು ಅವರ ಜೊತೆ ಒಪ್ಪಲಿಲ್ಲ. ಯಜಮಾನರಿಲ್ಲದ ಕಡಲಿನಲ್ಲಿ ಏನಾಗುತ್ತದೆಂದು ಈ ದಂಡೆಯವರು ಕಣ್ಣಾರೆ ಕಂಡಿದ್ದಾರೆ. 1980ರ ಹೊತ್ತಿಗೆ ಸ್ಟ್ರೈಪ್ಡ್ ಬಾಸ್ ಮುಗಿದೇಹೋಗುವ ಸ್ಥಿತಿಗೆ ಬಂದಿತ್ತು. ಮೇರಿಲ್ಯಾಂಡ್ 1985ರಿಂದ ಐದು ವರ್ಷ ಆ ಮೀನನ್ನು ಮುಟ್ಟುವುದನ್ನೇ ನಿಷೇಧಿಸಿತು. ಬಲೆಯವರೂ ಗಾಳದವರೂ ನಷ್ಟ ತಿಂದರು, ಬೈದುಕೊಂಡರು, ಆದರೂ ಕಾದರು. 1995ರಲ್ಲಿ ಆ ಮೀನು ಚೇತರಿಸಿಕೊಂಡಿದೆ ಎಂದು ಘೋಷಣೆಯಾಯಿತು. ಈಗ ಮತ್ತೆ ಅದಕ್ಕೆ ಕಷ್ಟಕಾಲ. 2023ರ ತುರ್ತು ಕ್ರಮ ಬಂದ ಮೇಲೆ ಕಡಲಿನಲ್ಲಿ ಇಟ್ಟುಕೊಳ್ಳಬಹುದಾದದ್ದು ದಿನಕ್ಕೆ ಒಂದೇ ಮೀನು, ಅದೂ 28 ಇಂಚಿಗೆ ಕಮ್ಮಿಯಿಲ್ಲದೆ, 31ರೊಳಗೆ. ಎಷ್ಟು ಮೀನು ಹೋಗುತ್ತಿದೆ ಎಂದು ತಿಳಿಯದೆ ಈ ಇಂಚುಗಳನ್ನು ಯಾರು, ಯಾವ ಧೈರ್ಯದಲ್ಲಿ ನಿರ್ಧರಿಸಬೇಕು?

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಲೆಕ್ಕ ಬೇಕು, ಒಪ್ಪಿದೆ. ದುಡ್ಡು ಯಾಕೆ? ದೇವಸ್ಥಾನದ ಜೀರ್ಣೋದ್ಧಾರ ಅಂತ ವಂತಿಗೆ ಎತ್ತಿ ಪಂಚಾಯ್ತಿ ಕಟ್ಟಡಕ್ಕೆ ಹಾಕಿದರೆ ಜನ ಬಿಡ್ತಾರಾ?"

ಬಿಡುವುದಿಲ್ಲ. ನ್ಯೂಯಾರ್ಕಿನಲ್ಲಿ ಕೆಟ್ಟದ್ದೂ ಅಲ್ಲೇ. ಮ್ಯಾಸಚುಸೆಟ್ಸ್ ಆ ಗಂಟನ್ನು ಬಿಡಿಸಿದ ರೀತಿ ನೋಡಿ. ಅಲ್ಲೂ 2011ರಿಂದ 10 ಡಾಲರಿನ ಪರ್ಮಿಟ್ ಬಂತು. ಅರವತ್ತು ದಾಟಿದವರಿಗೆ ಪುಕ್ಕಟೆ, ಮಕ್ಕಳಿಗೆ ಬೇಡವೇ ಬೇಡ. ದುಡ್ಡನ್ನು ಬೇರೆ ನಿಧಿಯಲ್ಲಿ ಇಟ್ಟು, ಅದರ ಮೂರರಲ್ಲೊಂದು ಪಾಲು ಸಾರ್ವಜನಿಕರು ಕಡಲಿಗೆ ಇಳಿಯುವ ಜಾಗಗಳಿಗೇ ಹೋಗಬೇಕು ಎಂದು ಕಾನೂನಿನಲ್ಲೇ ಬರೆದರು. ಆ ದುಡ್ಡಿನಿಂದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಓಕ್ ಬ್ಲಫ್ಸ್‌ನಲ್ಲಿ ಮೀನು ಹಿಡಿಯುವವರಿಗೆಂದೇ ಕಡಲಿಗೆ ಚಾಚಿದ ಒಂದು ಪಿಯರ್ ಎದ್ದಿತು. ದ್ವೀಪದ ಮನೆಗಳು ಶ್ರೀಮಂತರವು. ಆ ಪಿಯರ್ ಮಾತ್ರ ಯಾರು ಬೇಕಾದರೂ ಗಾಲಿಕುರ್ಚಿಯಲ್ಲೂ ಬಂದು ಗಾಳ ಹಾಕಬಹುದಾದ ಜಾಗ. ತಾನು ಕೊಟ್ಟ ಹತ್ತು ಡಾಲರ್ ಹಲಗೆಯಾಗಿ ಕಾಲ ಕೆಳಗೆ ಕಂಡರೆ ಗಾಳಗಾರ ಮುಂದಿನ ವರ್ಷ ತಾನಾಗಿ ಕೊಡುತ್ತಾನೆ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಇಲ್ಲಿ ಗಾಳದ ಕೋಲು, ರೀಲು ಮಾಡುವವರ ಮೇಲೆ 1950ರ ಡಿಂಗೆಲ್-ಜಾನ್ಸನ್ ಕಾಯ್ದೆಯ ಫೆಡರಲ್ ತೆರಿಗೆಯಿದೆ. ಅದು ಬೆಲೆಯಲ್ಲಿ ಸೇರಿ ನಮ್ಮ ಜೇಬಿನಿಂದಲೇ ಹೋಗುತ್ತದೆ. ಆ ದುಡ್ಡು ಮೀನಿನ ಕೆಲಸಕ್ಕೆಂದು ರಾಜ್ಯಗಳಿಗೆ ಹಿಂದಿರುಗುತ್ತದೆ. ನೂರಕ್ಕೆ ಅರವತ್ತು ಪಾಲು ಹಂಚುವುದು ದುಡ್ಡು ಕೊಟ್ಟು ಲೈಸೆನ್ಸ್ ಪಡೆದವರ ಸಂಖ್ಯೆ ನೋಡಿ, ನಲವತ್ತು ಪಾಲು ರಾಜ್ಯದ ವಿಸ್ತಾರ ನೋಡಿ. ಪುಕ್ಕಟೆ ಪಟ್ಟಿಯಲ್ಲಿರುವ ನಾನು ಆ ಅರವತ್ತರ ಲೆಕ್ಕದಲ್ಲಿ ಇಲ್ಲ. ನ್ಯೂಜೆರ್ಸಿಯ ಪುಕ್ಕಟೆ ನೋಂದಣಿ ನನಗೆ ಸಲೀಸು, ಆದರೆ ನನ್ನ ಕಡಲಿಗೆ ಅದರಿಂದ ಸಿಗುವುದು ಕಡಿಮೆ. ಬೀಗ ಹಾಕಿದ ನಿಧಿ, ವರ್ಷಕ್ಕೊಮ್ಮೆ ಬಹಿರಂಗ ಲೆಕ್ಕ, ಕಡಲಿಗೆ ದಾರಿ ಇಷ್ಟನ್ನು ಕಾನೂನಿನಲ್ಲಿ ಬರೆದುಕೊಟ್ಟರೆ ನಾನು ಸಂತೋಷದಿಂದ ಹತ್ತು ಡಾಲರ್ ಕೊಡುತ್ತೇನೆ. ಬರೆದು ಕೊಡದಿದ್ದರೆ ಲಾಂಗ್ ಐಲ್ಯಾಂಡಿನವರ ಜೊತೆ ನಿಲ್ಲುತ್ತೇನೆ.

ಬಡವರ ಮಾತೂ ಇಲ್ಲಿ ಬರಬೇಕು. ಪಿಯರುಗಳಲ್ಲಿ ಸಂಜೆ ನಿಂತವರನ್ನು ನೋಡಿದರೆ ತಿಳಿಯುತ್ತದೆ, ಎಲ್ಲರೂ ಮೋಜಿಗೆ ಬಂದವರಲ್ಲ. ದೂರದ ದೇಶಗಳಿಂದ ಬಂದು ಕೂಲಿ ಮಾಡುವವರು ಬಕೆಟ್ ಹಿಡಿದು ರಾತ್ರಿಯ ಊಟಕ್ಕೆ ನಿಂತಿರುತ್ತಾರೆ. ಕ್ಯಾಲಿಫೋರ್ನಿಯ ಇದನ್ನು ಗುರುತಿಸಿ, ಕಡಲಿನ ಸಾರ್ವಜನಿಕ ಪಿಯರ್ ಮೇಲಿನಿಂದ ಹಿಡಿಯುವವರಿಗೆ ಲೈಸೆನ್ಸ್ ಬೇಡ ಎಂದಿದೆ. ಫ್ಲಾರಿಡಾದಲ್ಲಿ ವರ್ಷದ ಉಪ್ಪುನೀರಿನ ಲೈಸೆನ್ಸ್ 17 ಡಾಲರ್, ಆದರೆ ದಂಡೆಯಿಂದ ಹಿಡಿಯುವ ರಾಜ್ಯದ ನಿವಾಸಿಗಳಿಗೆ ಪುಕ್ಕಟೆ ಲೈಸೆನ್ಸ್ ಉಂಟು. ಹೆಸರು ಸಿಕ್ಕಿತು, ಹೊಟ್ಟೆಗೆ ಹೊಡೆತ ಬೀಳಲಿಲ್ಲ. ಇಂಥ ವಿವೇಕ ಎಲ್ಲ ಕಡೆ ಬರಬೇಕು.

"ಪಟ್ಟಿ ಆಯಿತಲ್ಲ, ಈಗ ಲೆಕ್ಕ ಸರಿಯಾಯಿತಾ?" ಎಂದರು ಮೇಷ್ಟ್ರು. ಎಷ್ಟಾದರೂ ಪಾಠ ಮಾಡಿದ ಬಾಯಿ.

ಪೂರ್ತಿ ಆಗಿಲ್ಲ. ಫೋನ್ ಬಿಟ್ಟು ಅಂಚೆಯಲ್ಲಿ ಪ್ರಶ್ನಾವಳಿ ಕಳಿಸುವ ಪದ್ಧತಿ 2018ರಿಂದ ಪೂರ್ತಿಯಾಗಿ ಬಂತು. ಜನ ಮೀನಿಗೆ ಹೋಗುವುದು ಹಿಂದೆ ಅಂದುಕೊಂಡದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂದು ಅದು ಹೇಳಿತು. ಗಾಳಗಾರರು ನಂಬಲಿಲ್ಲ. 2023ರಲ್ಲಿ ಇಲಾಖೆಯೇ ಮುಂದೆ ಬಂದು, ಪ್ರಶ್ನೆಗಳನ್ನು ಕೇಳಿದ ಅನುಕ್ರಮದಿಂದಾಗಿ ಅಂದಾಜು ನೂರಕ್ಕೆ 30ರಿಂದ 40ರಷ್ಟು ಹೆಚ್ಚಾಗಿರಬಹುದು ಎಂದು ತನ್ನ ಸಣ್ಣ ಅಧ್ಯಯನವನ್ನು ಬಹಿರಂಗಪಡಿಸಿತು. ಮೊದಲು ಎರಡು ತಿಂಗಳದ್ದು ಕೇಳಿ ಆಮೇಲೆ ಇಡೀ ವರ್ಷದ್ದು ಕೇಳುತ್ತಿದ್ದರು. ಹಿಂದುಮುಂದಾಗಿ ಕೇಳಿದರೆ ಜನರ ನೆನಪು ಬೇರೆ ಉತ್ತರ ಕೊಡುತ್ತದೆ. ಇದನ್ನು ಓದಿದ ದಿನ ಬೆಲ್ಮಾರ್‌ನ ದಂಡೆಯಲ್ಲಿ ಒಬ್ಬರು "ನಾವು ಹೇಳಿರಲಿಲ್ಲವಾ?" ಎಂದು ಕೂಗಾಡಿದರು. ಅವರ ಸಿಟ್ಟು ನ್ಯಾಯವಾದದ್ದು. ಆದರೆ ಮನೆಗೆ ಬಂದ ಪ್ರಶ್ನಾವಳಿಯನ್ನು ಕಸದ ಬುಟ್ಟಿಗೆ ಹಾಕಿದ್ದೂ ಅವರೇ ಎಂದು ಆಮೇಲೆ ಗೊತ್ತಾದಾಗ ನನಗೆ ಬೇಸರವಾಯಿತು. ತಪ್ಪನ್ನು ಒಪ್ಪಿಕೊಂಡು ತಿದ್ದಿಕೊಳ್ಳುವ ಇಲಾಖೆಗೆ ನಿಜವಾದ ಉತ್ತರ ಕೊಡಬೇಕಾದವರು ನಾವೇ ಅಲ್ಲವೇ? ನಿಮ್ಮ ಅಳಿಯನ ಮನೆಗೂ ಒಂದು ದಿನ ಆ ಲಕೋಟೆ ಬರಬಹುದು ಮೇಷ್ಟ್ರೇ. ಹೋಗದಿದ್ದರೆ ಹೋಗಿಲ್ಲ ಎಂದೇ ತುಂಬಿ ಕಳಿಸಲಿ, ಅದೂ ಲೆಕ್ಕವೇ.

"ತುಂಬಿಸ್ತೇನೆ, ನಾನೇ ಕೂತು ತುಂಬಿಸ್ತೇನೆ" ಅಂದರು. ಆಮೇಲೆ ಬೇಲಿಯ ಹತ್ತಿರ ಬಂದು, "ಏಡಿಗೆ?" ಎಂದರು.

ಏಡಿಗೆ ಈ ನೋಂದಣಿ ಬೇಡ, ಇದು ಈಜುರೆಕ್ಕೆಯಿರುವ ಮೀನಿಗೆ ಮಾತ್ರ. ದಾರಕ್ಕೆ ಕೋಳಿ ಕಟ್ಟಿ ಕೈಯಿಂದ ಎಳೆಯುವುದಾದರೆ ಏನೂ ಕಾಗದ ಬೇಡ. ಏಡಿಯ ಪೆಟ್ಟಿಗೆ ನೀರಿನಲ್ಲಿ ಇಟ್ಟು ಬರುವುದಾದರೆ ಅದಕ್ಕೆ ಬೇರೆ ಲೈಸೆನ್ಸ್ ಬೇಕು. ಹೊಟ್ಟೆಯಡಿ ಮೊಟ್ಟೆಯಿರುವ ಹೆಣ್ಣೇಡಿ ಬಂದರೆ ವಾಪಸ್ ನೀರಿಗೆ. ಅಷ್ಟು ಹೇಳಿ, ನೋಂದಣಿಗೆ ಮೇಷ್ಟ್ರ ವಿಳಾಸ ಊರಿನದ್ದು ಹಾಕುವುದೋ ಮಗಳ ಮನೆಯದ್ದೋ ಎಂದು ನೋಡಲು ನಾನು ಲ್ಯಾಪ್‌ಟಾಪ್ ತರಲು ಒಳಗೆ ಹೋದೆ.