ಲಿಂಬೆ ತೋಟದಲ್ಲಿ ಅಳ್ಯಾರು

ದ್ರಾಕ್ಷಿ ತೋಟಕ್ಕೋ ಮಾವಿನ ತೋಪಿಗೋ ಹೋದವರು ಕಿತ್ತು ತಿನ್ನುತ್ತ ಅಡ್ಡಾಡಬಹುದು. ಲಿಂಬೆ ತೋಟಕ್ಕೆ ಮೋಜಿಗೆಂದು ಹೋದವನಿಗೆ ಆ ಸೌಲಭ್ಯವಿಲ್ಲ. ಆದರೂ ಶೀಗಿ ಹುಣ್ಣಿಮೆಗೆ ಇಂಡಿ ತಾಲ್ಲೂಕಿನ ಮಾವನ ಹೊಲಕ್ಕೆ ಹೊರಟಾಗ ‘ಹಣ್ಣು ಕೀಳೋಣ ಬರ್ರಿ’ ಎಂದು ಮಕ್ಕಳಿಗೆ ಆಸೆ ಹಚ್ಚಿದವನು ನಾನೇ. ಬೆಂಗಳೂರಿನಲ್ಲಿ ಹತ್ತು ರೂಪಾಯಿ ಕೊಟ್ಟು ಮೂರು ಲಿಂಬೆ ತರುವವನಿಗೆ ಚೀಲಕ್ಕೆ ಸಾವಿರದಂತೆ ಎಣಿಸುವ ಊರಿನ ಅಳಿಯನೆಂಬ ಗರ್ವ ಇರಬಾರದೇ?

ಬುತ್ತಿಯ ವರ್ಣನೆ ಬೇಡ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಎಲ್ಲ ಇತ್ತು. ಟ್ರ್ಯಾಕ್ಟರ್ ಕುಲುಕಾಟಕ್ಕೆ ಅರ್ಧ ಕರ್ಚಿಕಾಯಿ ಪುಡಿಯಾಗಿದ್ದವು. ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರನ್ನು ಕೂರಿಸಿ ಅತ್ತೆ ಪೂಜೆಗೆ ತೊಡಗಿದರು. ನಾನು ದಸರೆಗೆ ಕೊಂಡ ಗುಲಾಬಿ ಬಣ್ಣದ ಅಂಗಿಯಲ್ಲಿ ಗಿಡದತ್ತ ನಡೆದೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೇ ಇಂಡಿಯಲ್ಲಿ. ಅಂಥ ಸೀಮೆಯ ಅಳಿಯ ‘ಲಿಂಬಿ ಹೆಂಗ ಹರೀತಾರ್ರಿ’ ಎಂದು ಕೇಳಿದರೆ ಮರ್ಯಾದೆ ಉಳಿಯುತ್ತದೆಯೇ? ಕೇಳಲಿಲ್ಲ.

ಇಂಡಿ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ರಸ ಹೊಗಳಿದರು, ಹುಳಿ ಹೊಗಳಿದರು, ಕಾಗದದಂಥ ಸಿಪ್ಪೆ ಹೊಗಳಿದರು. ಮುಳ್ಳಿನ ಸುದ್ದಿ ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಒಳಗೊಂದು ಹಳದಿ ಹಣ್ಣು ಕರೆಯುತ್ತಿತ್ತು. ಬಲಗೈ ತೂರಿಸಿದೆ, ತೋಳು ಸಿಕ್ಕಿತು. ಬಿಡಿಸಲು ಹೋದ ಎಡಗೈಯ ತೋಳೂ ಸಿಕ್ಕಿತು. ಹಿಂದೆ ಸರಿದರೆ ಬೆನ್ನು, ಮುಂದೆ ಬಾಗಿದರೆ ಕಿವಿ. ಕಾಲರನ್ನು ಒಂದು ಮುಳ್ಳು ಪೊಲೀಸನಂತೆ ಹಿಡಿದುಕೊಂಡಿತು. ಎರಡೂ ಕೈ ಚಾಚಿ, ಕತ್ತು ವಾಲಿಸಿ, ಒಂದು ಕಾಲ ಮೇಲೆ ನಿಂತೆ. ನಾನು ಬಯಸಿದ್ದ ಹಣ್ಣು ನನ್ನ ಮೂಗಿಗೆ ತಾಗಿಕೊಂಡೇ ಇತ್ತು. ವಾಸನೆ ಮಾತ್ರ ನಿಜಕ್ಕೂ ಅದ್ಭುತ.

ಒದ್ದಾಡಿದೆ. ಗಿಡ ಅಲ್ಲಾಡಿತು, ಹಣ್ಣು ಪಟಪಟ ಉದುರಿದವು. ಬುಟ್ಟಿ ಹಿಡಿದು ಬಂದ ಮಗಳು ಆರಿಸಿ ಮುಗಿಸಿ, “ಅಪ್ಪಾ, ಇನ್ನೊಂದ್ಸಲ ಅಲ್ಲಾಡು” ಎಂದಳು. ಹಣ್ಣಾದ ಲಿಂಬೆ ತಾನೇ ಬೀಳುತ್ತದಂತೆ. ಹೆಣ್ಣಾಳುಗಳು ಬೆಳಿಗ್ಗೆ ಬಂದು ನೆಲದಿಂದ ಆರಿಸುತ್ತಾರಂತೆ. ಗಿಡದೊಳಗೆ ಕೈ ಹಾಕುವವರು ಯಾರೂ ಇಲ್ಲವಂತೆ. ಈ ಜ್ಞಾನ ನನಗೆ ಸಿಕ್ಕಿಬಿದ್ದ ಮೇಲೆ ಬಂತು.

ನಮ್ಮ ಷಡ್ಡಕರು ರೀಲ್ ಮಾಡುತ್ತಿದ್ದರು. ಬಿಡಿಸುವ ಮಾತಿಲ್ಲ, “ಸ್ವಲ್ಪ ಈ ಕಡೆ ನೋಡ್ರಿ” ಎನ್ನುತ್ತಾರೆ! ಕಣ್ಣ ಪಕ್ಕ ಮುಳ್ಳಿರುವವನು ಯಾವ ಕಡೆ ನೋಡಬೇಕು ಎಂಬ ವಿವೇಕ ಬೇಡವೇ ಮನುಷ್ಯನಿಗೆ?

ಅಳಿಯನನ್ನು ನೋಡಿ ನಗುವುದು ಆ ಮನೆತನದಲ್ಲಿ ಇಲ್ಲ. ಹಾಗಾಗಿ ಮಾವ ಮುಖ ಗಂಭೀರ ಮಾಡಿಕೊಂಡು, ನಾನು ತೋಟ ನೋಡಲೆಂದೇ ಹಾಗೆ ನಿಂತಿದ್ದೇನೆ ಎಂಬಂತೆ, ಹಸ್ತ ಬಹಾರ ವಿವರಿಸತೊಡಗಿದರು. “ಈಗ ನೀರ ನಿಲ್ಲಸ್ತೀವ್ರಿ. ಗಿಡ ಬಾಡಬೇಕು. ಆಮ್ಯಾಲ ಗೊಬ್ಬರ, ನೀರು ಕೊಟ್ರ ಹೂ ಕಟ್ಟತೈತಿ. ಹಣ್ಣು ಬ್ಯಾಸಗಿಗೆ ಬರ್ತಾವ, ರೇಟ್ ಇದ್ದಾಗ. ಈ ಸಲ ಹಸ್ತಾ ಮಳೀನ ಸುರದು ಕೆಡಿಸಿತ್ರಿ.” ಬರದ ವರ್ಷ ಟ್ಯಾಂಕರ್ ನೀರು ಕೊಂಡು ಉಳಿಸಿದ ಗಿಡವಂತೆ ಇದು. “ಮಳಗಾಲದಾಗ ಆಳಿನ ಪಗಾರ, ಚೀಲ, ಬಾಡಗಿ ಕಳದ್ರ ಕೈಯಾಗ ಏನೂ ಉಳ್ಯಂಗಿಲ್ಲ. ಒಮ್ಮೊಮ್ಮೆ ಬಿದ್ದದ್ದು ಬಿದ್ದಲ್ಲೇ ಕೊಳೀತಾವ.” ಗಂಭೀರ ಮುಖ ಈಗ ಅಳಿಯನ ಮರ್ಯಾದೆಗೆ ಇಟ್ಟುಕೊಂಡದ್ದಾಗಿರಲಿಲ್ಲ. ಮೂರು ಲಿಂಬೆಗೆ ನಾನು ಕೊಡುವ ಹತ್ತು ರೂಪಾಯಿ ದಾರಿಯಲ್ಲಿ ಯಾರ್ಯಾರ ಕಿಸೆಯಲ್ಲಿ ಇಳಿದುಕೊಳ್ಳುತ್ತದೋ! ಕೇಳೋಣವೆಂದರೆ ತಲೆ ಆಡಿಸುವಂತಿರಲಿಲ್ಲ. ಕಿವಿ ಇನ್ನೂ ಒತ್ತೆಯಲ್ಲಿತ್ತು.

ಅಷ್ಟರಲ್ಲಿ ಚರಗ ಚೆಲ್ಲುತ್ತ ಬಂದ ಮೈದುನ ಆಚೆ ಸಾಲಿನಿಂದ ಒಂದು ಹಿಡಿ ಬೀಸಿದ. ಬಸುರಿ ಭೂತಾಯಿಯ ಬಯಕೆಗೆ ಮುಟ್ಟಬೇಕಾದ ಅನ್ನ, ಕಡುಬು, ಪಲ್ಯ ಎಲ್ಲ ನನ್ನ ತಲೆಗೆ ಬಂತು. “ಅಯ್ಯ, ಅಳ್ಯಾರಿಗೇ ಬಿತ್ತಲ್ಲ!” ಎಂದರು ಅತ್ತೆ. ಇದು ಸಲ್ಲುತ್ತದೋ ಇಲ್ಲವೋ ಎಂದು ಹಿರಿಯರಲ್ಲಿ ಚರ್ಚೆ ನಡೆಯಿತು. ಅಳಿಯನೂ ಬಯಕೆಯ ಮೇಲೇ ಬಂದವನು, ಸಲ್ಲುತ್ತದೆ ಎಂದು ಯಾರೋ ಅಂದರು. ಆಗ ಮನೆತನದ ಶಿಸ್ತು ಮುರಿಯಿತು. ಮಾವನೇ ಮೊದಲು ನಕ್ಕರು.

ಹಣ್ಣು ಆರಿಸುವ ಮುದುಕಿಯೊಬ್ಬಳು ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಬಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು: “ಅಂಗಿ ಅಲ್ಲೇ ಬಿಟ್ಟು ನೀವು ಹೊರಗ ಬರ್ರಿ.” ಗುಂಡಿ ಅವಳೇ ಬಿಚ್ಚಿದಳು. ಬೀಗರ ಬಳಗದ ಎದುರು ಬನಿಯನ್ನಿನಲ್ಲಿ ಕುಳಿತು ಉಂಡೆ. ಎಣ್ಣೆಗಾಯಿಗೆ ಲಿಂಬೆ ಹಿಂಡಿಕೊಳ್ಳಲು ಹೇಳಿದರು. ಕೈತುಂಬ ಗೀರು, ಬೇಡವೆಂದೆ.

ಅಂಗಿ ಆಮೇಲೂ ಬರಲಿಲ್ಲ. ಊರೂರ ಅಂಗಡಿ, ಲಾರಿಗಳ ದೃಷ್ಟಿ ತೆಗೆಯುವ ಲಿಂಬೆಗೆ ತನ್ನದೇ ದೃಷ್ಟಿ ತೆಗೆಯುವವರು ಬೇಕಿತ್ತೆಂದು ಕಾಣುತ್ತದೆ. ದೀಪಾವಳಿಗೆ ಮಾವ ಫೋನ್ ಮಾಡಿದಾಗ ದನಿಯಲ್ಲಿ ತೃಪ್ತಿಯಿತ್ತು. “ಅಂಗಿ ಅಲ್ಲೇ ಇರಲಿ ಬಿಡ್ರಿ ಅಳ್ಯಾರ, ಚಲೋ ಕಾಣತೈತಿ. ಆದ್ರ ಅರ್ಧಾ ಮನಶ್ಯಾ ನಿಂತಂಗ ಆಗೇತ್ರಿ. ಹಳೀದೊಂದು ಪ್ಯಾಂಟ್ ಇದ್ರ ಕಳಸ್ರಿ.”